ಬೋಲ್ಟಪ್ಪನ ತೊಟ್ಟಿಯೂ ಹತ್ತನೆಯ ಬೆರಳೂ

ನಮ್ಮ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷುಗಳಿಗೆ ಆಯುಸ್ಸು ಕಡಿಮೆ. ಅವು ಸವೆಯಲಿ ಎಂದು ಕಾಯುವಷ್ಟು ತಾಳ್ಮೆ ನನ್ನ ಮೈದುನನಿಗಿಲ್ಲ. ಬೆಳಿಗ್ಗೆ ಬಚ್ಚಲಿನ ಗೂಡಿನ ಮುಂದೆ ನಿಂತು ಒಂದೊಂದೇ ಬ್ರಷ್ಷಿನ ಎಳೆಗಳ ಮೇಲೆ ಹೆಬ್ಬೆರಳು ಆಡಿಸುತ್ತಾನೆ. "ಅತ್ತಿಗೆ, ನಿಮ್ದು ಮುಗೀತು ಅನ್ಸುತ್ತೆ, ಹೊಸದು ತೆಗೀರಿ" ಎನ್ನುತ್ತಾನೆ. ಅದನ್ನು ತಂದು ಹದಿನೈದು ದಿನವೂ ಆಗಿರುವುದಿಲ್ಲ. ಒಮ್ಮೆ ಅವನ ಹೆಂಡತಿಯ ಅಣ್ಣ ಎರಡು ದಿನಕ್ಕೆಂದು ಬಂದಿದ್ದರು. ಮಾರನೆಯ ಬೆಳಿಗ್ಗೆ ಪೇಸ್ಟಿನ ಟ್ಯೂಬು ಹಿಡಿದುಕೊಂಡು ಮನೆಯೆಲ್ಲ ಸುತ್ತಿದರು, ಪಾಪ. ಅವರ ಬ್ರಷ್ಷು ಅಷ್ಟು ಹೊತ್ತಿಗೆ ಹಿತ್ತಲಿನ ಶೆಡ್ಡಿನಲ್ಲಿ ಯಾರದೋ ಮೊಪೆಡ್ಡಿನ ಚೈನಿನ ಎಣ್ಣೆ ಜಿಡ್ಡು ತೆಗೆಯುತ್ತಿತ್ತು.

ಈ ಮೈದುನ ನನ್ನ ಯಜಮಾನರ ತಮ್ಮ. ಯಜಮಾನರು ಹೋಗಿ ಹನ್ನೊಂದು ವರ್ಷವಾಯಿತು. ಈಗ ಮನೆಯಲ್ಲಿ ನಾವು ಮೂವರೇ: ಅವನು, ಅವನ ಹೆಂಡತಿಯಾದ ನನ್ನ ಓರಗಿತ್ತಿ, ಮತ್ತು ನಾನು. ಅವನು ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದ. ಬೋಲ್ಟಪ್ಪ ಎಂಬ ಹೆಸರು ಬಿದ್ದದ್ದು ಅಲ್ಲಿಯೇ. ಒಂದು ಬಸ್ಸಿನ ಎಂಜಿನ್ ಬಿಚ್ಚಿ ಮತ್ತೆ ಕಟ್ಟಿದ ಮೇಲೆ ಒಂದು ಬೋಲ್ಟು ಮಿಕ್ಕಿತಂತೆ. ಬಸ್ಸು ಚೆನ್ನಾಗಿಯೇ ಓಡುತ್ತಿತ್ತು. ಮೇಸ್ತ್ರಿ "ಬಿಡಯ್ಯ" ಎಂದ, ಉಳಿದವರೂ ಬಿಡು ಎಂದರು. ಇವನು ಬಿಡಲಿಲ್ಲ. ಆ ಬೋಲ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಅನ್ನ ಸೇರದೆ ತಿರುಗಿದ. ಐದನೆಯ ದಿನ ಆ ಬಸ್ಸು ಡಿಪೋಗೆ ಬಂದಾಗ ಪುನಃ ಬಿಚ್ಚಿ, ಬೋಲ್ಟಿನ ಜಾಗ ಹುಡುಕಿ ಕೂರಿಸಿ, ಆಮೇಲೆ ಬುತ್ತಿ ಬಿಚ್ಚಿದ.

ಆ ಬುದ್ಧಿ ಇನ್ನೂ ಹಾಗೇ ಇದೆ. ಕೆಟ್ಟು ನಿಂತ ವಸ್ತು ಕಣ್ಣಿಗೆ ಬಿದ್ದರೆ ಅವನ ಕೈ ಸುಮ್ಮನಿರುವುದಿಲ್ಲ, ಅದು ಯಾರದ್ದೇ ಆಗಿರಲಿ. ಯಾರನ್ನೋ ನೋಡಲು ಆಸ್ಪತ್ರೆಗೆ ಹೋದವನು ರೋಗಿಯ ಮಂಚದ ಚಕ್ರ ಸರಿಮಾಡಿ ಬಂದ. ಹೇಗಿದ್ದಾರೆ ಎಂದು ನಾನು ಕೇಳಿದರೆ, "ಈಗ ಚೆನ್ನಾಗಿ ಉರುಳುತ್ತೆ ಅತ್ತಿಗೆ" ಎಂದ. ಮಂಚದ ವಿಷಯ ಹೇಳುತ್ತಿದ್ದಾನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಿವೃತ್ತಿಯಾದ ಮೇಲೆ ಹಿತ್ತಲಿನ ತಗಡಿನ ಶೆಡ್ಡೇ ಅವನ ಡಿಪೋ. ಅಡುಗೆಮನೆಯ ಹಿಂದಿನ ಗೋಡೆಗೆ ಆತುಕೊಂಡೇ ಅದು ಇದೆ. ನಾನು ಒಲೆಯ ಮುಂದೆ ನಿಂತರೆ ಆ ಕಡೆ ಏನು ನಡೆಯುತ್ತಿದೆ ಎಂಬುದು ಸದ್ದಿನಲ್ಲೇ ಗೊತ್ತಾಗುತ್ತದೆ. ಸುತ್ತಿಗೆ ಬಿದ್ದರೆ ಕಬ್ಬಿಣದ ಮೇಲೆ ಬಿತ್ತೋ, ಅವನ ಕಾಲ ಮೇಲೆ ಬಿತ್ತೋ ಹೇಳಬಲ್ಲೆ. ಬೀದಿಯವರ ಮೊಪೆಡ್ಡು, ನೀರಿನ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಎಲ್ಲ ಅಲ್ಲಿಗೆ ಬರುತ್ತವೆ. ಬಂದದ್ದನ್ನೆಲ್ಲ ಮೊದಲು ಬಿಚ್ಚುವುದು, ಆಮೇಲೆ ತೊಳೆಯುವುದು. ತೊಳೆಯುವುದಕ್ಕೆ ಡಿಪೋದಲ್ಲಿ ಒಂದು ಪದ್ಧತಿ ಇತ್ತಂತೆ. ಬಾಯಿ ಕತ್ತರಿಸಿದ ತಗಡಿನ ಡಬ್ಬಿಯಲ್ಲಿ ಸೀಮೆಎಣ್ಣೆ ಸುರಿದು, ಬರಿಗೈ ಮುಳುಗಿಸಿ, ಆ ಎಣ್ಣೆಯೊಳಗೇ ಬೇರಿಂಗನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಮರಳಿನ ಒಂದು ಕಣ ಇದ್ದರೂ ಬೆರಳಿಗೆ ತಿಳಿಯುತ್ತದೆ. ಬೆರಳು ಒಪ್ಪಿದ ಮೇಲೆಯೇ ಹೊರಗೆ ತೆಗೆಯುವುದು. "ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ" ಎನ್ನುತ್ತಿದ್ದ.

ಬೆರಳು ಮೋಸ ಮಾಡಲಿಲ್ಲ, ಆದರೆ ಕೈಕೊಟ್ಟಿತು. ಹೋದ ವರ್ಷ ಅವನ ಎರಡು ಕೈಯೂ ಬಿಸಿಲಿಗೆ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟವು. ತುತ್ತು ಎತ್ತಿದರೆ ಉಪ್ಪು ಖಾರ ತಗುಲಿ ಉರಿ. ಚಮಚದಲ್ಲಿ ಊಟ ಮಾಡತೊಡಗಿದ. ಓರಗಿತ್ತಿ ಅವನನ್ನು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಅವನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಸೀಮೆಎಣ್ಣೆ ಪೆಟ್ರೋಲು ಇನ್ನು ಮುಟ್ಟಕೂಡದು, ಖಾರವಾದ ಸೋಪಿನ ನೀರಿನಲ್ಲೂ ಕೈಯಿಡಕೂಡದು, ಎರಡು ತಿಂಗಳಲ್ಲಿ ಮಾಯದಿದ್ದರೆ ಈ ಕೆಲಸವನ್ನೇ ಬಿಡಬೇಕಾಗುತ್ತದೆ ಎಂದರಂತೆ.

ಓರಗಿತ್ತಿ ಎರಡು ಬೀದಿ ಆಚೆ ಹೊಲಿಗೆ ಕ್ಲಾಸು ನಡೆಸುವವಳು. ಅಳತೆ ತೆಗೆದ ಮೇಲೆ ಒಂದು ನೂಲು ಆಚೀಚೆ ಆಗಲು ಬಿಡುವವಳಲ್ಲ. ಆಸ್ಪತ್ರೆಯಿಂದ ಬರುವಾಗಲೇ ಅಂಗಡಿಗೆ ಹೋಗಿ ಅಂಗೈ ಅಗಲದ ಒಂದು ಬೀಗ ತಂದಳು. ಅದನ್ನು ನನ್ನ ಮುಂದೆ ಟೇಬಲ್ಲಿನ ಮೇಲೆ ಇಟ್ಟಳು.

"ಅಕ್ಕ, ಇದು ನಿಮ್ಮ ಹತ್ರ ಇರ್ಲಿ. ಎರಡು ತಿಂಗಳಾದ ಮೇಲೆ ಆ ಡಾಕ್ಟ್ರು ಹತ್ತು ಬೆರಳೂ ಸರಿಹೋಯ್ತು ಅಂದ್ರೆ ಇದನ್ನ ಅಂಗಡಿಗೆ ವಾಪಸ್ ಕೊಡ್ತೀನಿ. ಇಲ್ಲಾಂದ್ರೆ ಶೆಡ್ಡಿಗೆ ಹಾಕ್ತೀನಿ."

"ಒಂಬತ್ತು ಸರಿಹೋದ್ರೆ?" ಎಂದ ಬೋಲ್ಟಪ್ಪ.

"ಒಂಬತ್ತು ಗುಂಡಿ ಇರೋ ಅಂಗೀನ ನಾನು ಯಾವತ್ತಾದ್ರೂ ಹತ್ತು ಕಾಜದ ಅಂಗಿ ಅಂತ ಕೊಟ್ಟಿದ್ದೀನೇನ್ರೀ?"

ಆ ದಿನ ಅವನು ಶೆಡ್ಡಿನಲ್ಲಿ ಒಬ್ಬನೇ ಕುಳಿತಿದ್ದ. ಒಂದು ಸದ್ದೂ ಇರಲಿಲ್ಲ. ಗೋಡೆಯ ಈಚೆ ನಿಂತು ನನಗೆ ಅಡುಗೆಯ ಮೇಲೆ ಮನಸ್ಸು ನಿಲ್ಲಲಿಲ್ಲ. ಬೀಗ ಹಾಕುವುದು ಶೆಡ್ಡಿಗೆ ಎಂದು ಅವಳು ಅಂದುಕೊಂಡಿದ್ದಾಳೆ, ಬೀಗ ಬೀಳುವುದು ಈ ಮನುಷ್ಯನಿಗೆ ಎಂದು ನನಗೆ ಅನ್ನಿಸಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಬೀಗವನ್ನು ಒಯ್ದು ಬಚ್ಚಲಿನ ಕಿಟಕಿಯ ಮೇಲೆ ಇಟ್ಟೆ.

ಮೊದಲು ಕೈಗವಸು ತಂದದ್ದಾಯಿತು. ಹಾಕಿಕೊಂಡು ಅರ್ಧ ಗಂಟೆ ಕೆಲಸ ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪೇಪರ್ ಓದಿದ ಹಾಗಾಗುತ್ತದೆ ಎಂದು ಕಿತ್ತೆಸೆದ. ಆಮೇಲೆ ಯಾರೋ ಹೇಳಿದರು, ಬಿಡಿಭಾಗ ತೊಳೆಯುವುದಕ್ಕೆಂದೇ ಯಂತ್ರ ಬರುತ್ತದೆ, ಕೈ ಮುಳುಗಿಸುವುದೇ ಬೇಡ ಎಂದು. ಪೇಟೆಯ ದೊಡ್ಡ ಸಾಮಾನಿನ ಅಂಗಡಿಗೆ ನೋಡಲು ಹೋದ. ಜೊತೆಗೆ ನಾನೂ ಹೋಗಿದ್ದೆ. ಕೆಂಪು ಬಣ್ಣದ ಪೆಟ್ಟಿಗೆ, ಮೇಲೆ ತೊಟ್ಟಿ, ಕೆಳಗೆ ಪಂಪು. ಪಂಪು ನೀರನ್ನು ಮೇಲಕ್ಕೆ ತಳ್ಳಿದರೆ ಅದು ಒಂದು ಉದ್ದ ಬ್ರಷ್ಷಿನ ಒಳಗಿನಿಂದ ಸುರಿಯುತ್ತದೆ. ಉಜ್ಜುತ್ತಾ ಹೋದರೆ ಕೊಳೆಯೆಲ್ಲ ಕೆಳಗಿಳಿದು, ಜಾಲರಿಯಲ್ಲಿ ಸೋಸಿ, ಪುನಃ ಅದೇ ನೀರು ಮೇಲೆ ಬರುತ್ತದೆ. ಬೋಲ್ಟಪ್ಪ ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ, ನೆಲದ ಮೇಲೆ ಅಂಗಾತ ಮಲಗಿ ಅಡಿಯಿಂದ ನೋಡಿದ. ಅಂಗಡಿಯವನು ಬಹಳ ಹೊತ್ತು ತಡೆದುಕೊಂಡಿದ್ದ. ಕೊನೆಗೆ ನನ್ನ ಕಡೆ ತಿರುಗಿ, "ಅಮ್ಮಾ, ಇವ್ರು ತಗೊಳ್ಳೋಕೆ ಬಂದಿದಾರಾ, ಪರೀಕ್ಷೆ ಬರೆಯೋಕೆ ಬಂದಿದಾರಾ?" ಎಂದು ಕೇಳಿದ. ಬೋಲ್ಟಪ್ಪ ಅಡಿಯಿಂದಲೇ, "ಇನ್ನು ಐದು ನಿಮಿಷ" ಎಂದ.

ಮನೆಗೆ ಬಂದವನೇ ಶುರು ಮಾಡಿದ. ಎದುರು ಮನೆಯವರು ಅಡುಗೆಮನೆ ಹೊಸದು ಮಾಡಿಸುವಾಗ ಕಿತ್ತು ಹಾಕಿದ್ದ ಸ್ಟೀಲಿನ ಸಿಂಕು ಬಂತು. ಅದರ ಅಡಿಗೆ ಒಂದು ಪ್ಲಾಸ್ಟಿಕ್ ಡ್ರಮ್ಮು, ಡ್ರಮ್ಮಿನೊಳಗೆ ನಮ್ಮ ಹಳೆಯ ಏರ್ ಕೂಲರಿನ ಪಂಪು, ಪಂಪಿನಿಂದ ಮೇಲಕ್ಕೆ ಒಂದು ಕೊಳವೆ, ಕೊಳವೆಯ ತುದಿಗೆ ಉದ್ದ ಬ್ರಷ್ಷು. ಹೊಲಿಗೆಯ ಯಂತ್ರದ ಕಾಲಿನ ಪೆಡಲಿನಂತೆ ತುಳಿದರೆ ಪಂಪು ಓಡಬೇಕು, ಬಿಟ್ಟರೆ ನಿಲ್ಲಬೇಕು ಎಂದು ಕಾಲಿನಲ್ಲಿ ಒತ್ತುವ ಒಂದು ಸ್ವಿಚ್ಚು. ಆ ಯೋಚನೆ ಹೆಂಡತಿಯ ಮಷೀನು ನೋಡಿ ಬಂದದ್ದು, ಆದರೆ ಅದನ್ನು ಅವಳ ಎದುರು ಒಪ್ಪಿಕೊಳ್ಳಲಿಲ್ಲ. ಡ್ರಮ್ಮಿನ ಬಾಯಿಗೆ ಜಾಲರಿ ಬೇಕಲ್ಲ. ಎರಡು ದಿನ ಚಹಾ ಮಾಡಲು ಸೋಸುವ ಜರಡಿ ಸಿಗದೆ ನಾವು ಚಹಾಪುಡಿಯನ್ನು ಜಗಿದುಕೊಂಡೇ ಕುಡಿದೆವು.

"ಏನ್ರೀ, ಅನ್ನ ಬಸಿಯೋ ತಟ್ಟೇನೂ ಅಲ್ಲಿಗೇ ಬಂತಾ?" ಎಂದು ಓರಗಿತ್ತಿ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಳು.

"ಸುಮ್ನೆ ಅಳತೆ ನೋಡೋಕೆ ತಂದಿದ್ದು ಕಣೇ."

"ಅಳತೆ ನೋಡೋಕೆ ನಡುವೆ ತೂತು ಕೊರೀಬೇಕಿತ್ತಾ?"

ಒಳಗೆ ಹಾಕುವುದು ಏನು ಎಂಬುದು ಮುಂದಿನ ಪ್ರಶ್ನೆ. ಗೋಡೆಯ ಈಚೆ ಗ್ಯಾಸಿನ ಒಲೆ ಇದೆ, ಕರೆಂಟಿನ ಪಂಪಿನ ಜೊತೆ ಸೀಮೆಎಣ್ಣೆ ಇಟ್ಟರೆ ಮೂವರೂ ಒಟ್ಟಿಗೆ ಮೇಲೆ ಹೋಗುತ್ತೇವೆ ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಅವನೂ ಒಪ್ಪಿದ. ಬಿಸಿನೀರಿಗೆ ಬಟ್ಟೆ ಒಗೆಯುವ ಸೋಡಾ ಹಾಕಿದರೆ ಜಿಡ್ಡು ಓಡಿಹೋಗುತ್ತದೆ ಎಂದು ತೀರ್ಮಾನವಾಯಿತು. ಎಷ್ಟು ಸೋಡಾ? ಅವನ ಲೆಕ್ಕದಲ್ಲಿ ಒಂದು ಹಿಡಿ ಒಳ್ಳೆಯದಾದರೆ ಐದು ಹಿಡಿ ಐದು ಪಟ್ಟು ಒಳ್ಳೆಯದು.

ಮೊದಲ ದಿನ ಪೆಡಲ್ ತುಳಿದಾಗ ಬ್ರಷ್ಷು ಕೈತಪ್ಪಿ ಹಾವಿನ ಹಾಗೆ ಹೆಡೆಯೆತ್ತಿ, ತಗಡಿನ ಚಾವಣಿ, ಕ್ಯಾಲೆಂಡರು, ಬೋಲ್ಟಪ್ಪನ ಕನ್ನಡಕ ಎಲ್ಲವನ್ನೂ ತೊಳೆಯಿತು. ಎರಡನೆಯ ದಿನ ಹದಕ್ಕೆ ಬಂತು. ಹುಲ್ಲು ಕತ್ತರಿಸುವ ಯಂತ್ರದ ಕಬ್ಬಿಣದ ಗಾಲಿ, ಸರಳು, ಚೈನು ಎಲ್ಲ ಹೊಸದರಂತೆ ಹೊರಬಂದವು. ಅವುಗಳನ್ನು ಅಂಗಳದಲ್ಲಿ ಸಾಲಾಗಿ ಹರಡಿ, ನನ್ನನ್ನು ಕರೆದು ತೋರಿಸಿದ. ಅವನ ಹತ್ತು ಬೆರಳಲ್ಲೂ ಒಂದು ಹನಿ ನೀರಿರಲಿಲ್ಲ. ಅಂದು ಚಮಚ ಬಿಟ್ಟು ಕೈಯಲ್ಲಿ ಉಂಡ.

ಹೀಗೆ ಗೆದ್ದವನು ಸುಮ್ಮನಿರಬೇಕಿತ್ತು. ಹೆಂಡತಿಯ ಮನಸ್ಸು ಗೆಲ್ಲಬೇಕೆಂದು, ಅವಳು ಕ್ಲಾಸಿಗೆ ರಜೆ ಹಾಕಿ ಮಲಗಿದ್ದ ಮಧ್ಯಾಹ್ನ ಅವಳ ಸ್ಕೂಟರಿನ ಕಾರ್ಬುರೇಟರ್ ಬಿಚ್ಚಿದ. ಎಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಕೊಡುವ, ಮುಷ್ಟಿಯಷ್ಟು ದೊಡ್ಡ ಭಾಗ ಅದು. ಕಬ್ಬಿಣದ್ದಲ್ಲ, ಅಲ್ಯೂಮಿನಿಯಮ್ಮಿನದು. ಅವಳು ಏಳುವುದರೊಳಗೆ ಫಳಫಳ ಮಾಡಿ ಕೂರಿಸಿಬಿಡುತ್ತೇನೆಂದು ಸೋಡಾ ನೀರಿನಲ್ಲಿ ನೆನೆಹಾಕಿದ.

ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಗೋಡೆಯಾಚೆಯಿಂದ ಸಣ್ಣಗೆ ಸುಂಯ್ ಎಂಬ ಸದ್ದು ಬಂತು. ಆ ಸದ್ದು ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಅತ್ತೆಯ ದೊಡ್ಡ ಅಲ್ಯೂಮಿನಿಯಮ್ ಪಾತ್ರೆಯನ್ನು ಹೊಳೆಸಬೇಕೆಂದು ಸೋಡಾ ಹಾಕಿ ಕುದಿಸಿದ್ದೆ. ಇದೇ ಸದ್ದು ಬಂದಿತ್ತು. ಪಾತ್ರೆ ಬೂದುಗುಂಬಳದಂತೆ ಬೂದಿ ಬಳಿದುಕೊಂಡು ಆಮೇಲೆ ಕರ್ರಗಾಗಿತ್ತು. ಅತ್ತೆ ಆ ಪಾತ್ರೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಕೈ ಒರೆಸಿಕೊಂಡು ಹೋಗಿ ಹೇಳಿದೆ. "ಅದನ್ನ ತೆಗಿಯೋ. ಸೋಡಾ ಅಲ್ಯೂಮಿನಿಯಮ್ಮನ್ನ ತಿಂದುಬಿಡುತ್ತೆ."

"ಅದು ಕೊಳೆ ಬಿಡ್ತಿರೋ ಸದ್ದು ಅತ್ತಿಗೆ."

ಒಂದು ಸಲ ಹೇಳಿದೆ. ಮೂವತ್ತೆರಡು ವರ್ಷ ಬಸ್ಸು ಬಿಚ್ಚಿದವನಿಗೆ ಎರಡನೆಯ ಸಲ ಹೇಳಲು ನಾಲಗೆ ಬರಲಿಲ್ಲ. ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಸಂಜೆ ತೆಗೆದಾಗ ಅದು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಮೈಯೆಲ್ಲ ಸಣ್ಣ ಸಣ್ಣ ಗುಳಿ. ಪೆಟ್ರೋಲು ಹರಿಯುವ ಸೂಜಿ ತೂತು ಎಲ್ಲಿತ್ತೋ ಅಲ್ಲಿ ಕಡಲೆ ಹಿಡಿಯುವಷ್ಟು ಕೊರೆದುಹೋಗಿತ್ತು. ಓರಗಿತ್ತಿ ಕೂಗಾಡಲಿಲ್ಲ. ಊಟದ ಹೊತ್ತಿಗೆ ಅವನ ತಟ್ಟೆಯ ಪಕ್ಕದಲ್ಲಿ ಇನ್ನೊಂದು ತಟ್ಟೆಯಿಟ್ಟು, ಅದರ ನಡುವೆ ಆ ಕಾರ್ಬುರೇಟರನ್ನು ಇಟ್ಟು, "ಬಿಸಿಯಾಗಿದ್ದಾಗ್ಲೇ ತಿನ್ನಿ" ಎಂದಳು. ನನಗೆ ನಗು ತಡೆಯಲಾಗದೆ ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಡಿಪೋದ ಹಳೆಯ ಗೆಳೆಯನೊಬ್ಬನ ಹತ್ತಿರ ಅಂಥದೇ ಇನ್ನೊಂದು ಸಿಗುವವರೆಗೆ ನಾಲ್ಕು ದಿನ ಅವಳು ಕ್ಲಾಸಿಗೆ ನಡೆದುಕೊಂಡು ಹೋದಳು. ನಾಲ್ಕು ದಿನವೂ ಬೋಲ್ಟಪ್ಪ ಅವಳ ಬ್ಯಾಗು ಹೊತ್ತುಕೊಂಡು ಹಿಂದೆ ಹಿಂದೆ ಹೋದ. ಐದನೆಯ ದಿನ ನನ್ನ ಹತ್ತಿರ ಬಂದು ತಲೆ ತಗ್ಗಿಸಿ, "ಅತ್ತಿಗೆ, ಪಾತ್ರೆಗೆ ನೀವು ಏನು ಹಾಕ್ತೀರಿ?" ಎಂದು ಕೇಳಿದ. ಸಿಂಕಿನ ಪಕ್ಕದ ಹಸಿರು ಸೋಪಿನ ಬಾಟಲಿ ತೋರಿಸಿದೆ. ಒಂದು ಡ್ರಮ್ಮಿಗೆ ಎಷ್ಟು ಎಂದು ಹೇಳಿದೆ. ಎರಡೆರಡು ಸಲ ಹೇಳಿದೆ. ಹಾಗೆಯೇ ಹಾಕಿದ. ಕಬ್ಬಿಣ, ಅಲ್ಯೂಮಿನಿಯಮ್ಮು, ಹಿತ್ತಾಳೆ ಯಾವುದಕ್ಕೂ ಏನೂ ಆಗಲಿಲ್ಲ. ಪಾತ್ರೆಯ ಸೋಪು ಮಾತ್ರ ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ಪ್ರತಿ ಭಾನುವಾರ ನಾನು ಅವನ ಕೈ ನೋಡುವುದು ಎಂದು ಮಾತಾಗಿತ್ತು. ನನ್ನ ಕಣ್ಣು ಮಂಜು, ಆದ್ದರಿಂದ ಸವರಿ ನೋಡುತ್ತಿದ್ದೆ. ವಾರದಿಂದ ವಾರಕ್ಕೆ ಬಿರುಕು ಕೂಡಿಕೊಳ್ಳುತ್ತಿತ್ತು. ಒಂದು ಬೆರಳು ಮಾತ್ರ ಜಪ್ಪಯ್ಯ ಎಂದರೂ ಮಾಯುತ್ತಿರಲಿಲ್ಲ, ಬಲಗೈಯ ತೋರುಬೆರಳು.

"ಇದೊಂದಕ್ಕೆ ಏನಾಯ್ತೋ?"

"ಅದು ಹುಟ್ಟಿನಿಂದ್ಲೇ ಹಟಮಾರಿ ಅತ್ತಿಗೆ" ಎಂದು ಕೈ ಎಳೆದುಕೊಳ್ಳುತ್ತಿದ್ದ.

ನಾನು ಮತ್ತೆ ಕೇಳಲಿಲ್ಲ. ಆದರೆ ಗೋಡೆಯಾಚೆ ಪಂಪಿನ ಗುರ್ ಸದ್ದು ನಿಂತ ಮೇಲೆ ಪ್ರತಿ ಸಲವೂ ಇನ್ನೊಂದು ಸದ್ದು ಬರುವುದನ್ನು ಗಮನಿಸಿದ್ದೆ. ಚಳಕ್, ಎಂದು. ಮೀನು ಬಾಲ ಬಡಿದಷ್ಟು ಸಣ್ಣದು.

ಎರಡು ತಿಂಗಳಾಯಿತು. ಡಾಕ್ಟರ ಹತ್ತಿರ ಮೂವರೂ ಹೋದೆವು. ಅವರು ಬೆಳಕಿನ ಕೆಳಗೆ ಒಂದೊಂದೇ ಬೆರಳು ನೋಡಿದರು. ಒಂಬತ್ತಕ್ಕೂ ಭೇಷ್ ಎಂದರು. ಹತ್ತನೆಯದರ ಹತ್ತಿರ ನಿಂತು, "ಇದೊಂದನ್ನ ಇನ್ನೂ ಎಲ್ಲೋ ಅದ್ದುತ್ತಾ ಇದೀರಿ" ಎಂದರು. ಬೋಲ್ಟಪ್ಪ ಗೋಡೆಯ ಮೇಲಿನ ಫ್ಯಾನನ್ನು ನೋಡುತ್ತಾ, ಅದರ ಬೇರಿಂಗು ಒಣಗಿದೆ ಎಂದ.

ಮನೆಗೆ ಬಂದ ಮೇಲೆ ಓರಗಿತ್ತಿ ಚಪ್ಪಲಿ ಬಿಡುವ ಮೊದಲೇ, "ಅಕ್ಕ, ಆ ಬೀಗ ಕೊಡಿ" ಎಂದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಮಾತಾಡಿ ಸಮಾಧಾನ ಮಾಡಬಹುದಿತ್ತು. ಹೇಳಿದ ಮಾತು ಹೇಳಿದಂತೆ ನಡೆಸುವವಳ ಮುಖ ಅದು. ನಾನು ಬಚ್ಚಲಿನ ಕಿಟಕಿಯಿಂದ ಬೀಗ ತಂದೆ.

ಎರಡು ತಿಂಗಳು ಸ್ನಾನದ ನೀರಿನ ಹಬೆ ಕುಡಿದು ಅದು ತುಕ್ಕು ಹಿಡಿದು ಕೂತಿತ್ತು. ಅವಳು ಕೀಲಿ ತೂರಿಸಿದಳು, ತಿರುಗಲಿಲ್ಲ. ಎರಡು ಕೈಯಲ್ಲಿ ಹಿಡಿದು ತಿರುಗಿಸಿದಳು, ಊಹುಂ. ಬೇಕೆಂದೇ ಅಲ್ಲಿಟ್ಟಿದ್ದಿರಾ ಎಂದು ಅವಳು ಆಮೇಲೆ ಕೇಳಿದ್ದುಂಟು. ನನಗೆ ಕಿವಿ ಕೇಳಿಸದಂತೆ ಇರುವುದೂ ಗೊತ್ತು.

ಬೋಲ್ಟಪ್ಪ ಶೆಡ್ಡಿನ ಬಾಗಿಲಲ್ಲಿ ತೀರ್ಪು ಕೇಳಲು ಬಂದವನಂತೆ ನಿಂತಿದ್ದ. ಅವಳು ಕೀಲಿಯನ್ನು ಮೂರನೆಯ ಸಲ ಒತ್ತಿ ತಿರುಗಿಸಲು ಹೋದಾಗ ಅವನ ಮುಖ ಹಿಂಡಿಕೊಂಡಿತು.

"ಹಾಗೆ ಬಲವಂತ ಮಾಡ್ಬೇಡ್ವೇ, ಕೀಲಿ ಮುರಿಯುತ್ತೆ. ಕೊಡಿಲ್ಲಿ."

ತನ್ನನ್ನೇ ಹೊರಗೆ ಹಾಕುವ ಬೀಗ ಅದು ಎಂಬುದು ಆ ಗಳಿಗೆಯಲ್ಲಿ ಅವನಿಗೆ ಮರೆತೇಹೋಗಿತ್ತು. ಸ್ಟೂಲು ಎಳೆದುಕೊಂಡು ಕುಳಿತ. ತೊಟ್ಟಿಯ ಜಾಲರಿಯ ಮೇಲೆ ಬೀಗ ಇಟ್ಟು ಪೆಡಲ್ ತುಳಿದ. ಉದ್ದ ಬ್ರಷ್ಷಿನಿಂದ ನೀರು ಸುರಿಯಿತು. ಕೀಲಿಯ ಬಾಯಿಗೆ ಬ್ರಷ್ಷಿನ ತುದಿ ಹಿಡಿದು ಉಜ್ಜಿದ, ಮಗುಚಿದ, ಮತ್ತೆ ಉಜ್ಜಿದ. ಕಂದು ನೀರು ಇಳಿಯಿತು, ಆಮೇಲೆ ಬಿಳಿ ನೀರು. ಅವಳು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು. ಎರಡು ತಿಂಗಳಲ್ಲಿ ಒಂದು ದಿನವೂ ಅವಳು ಶೆಡ್ಡಿನೊಳಗೆ ಬಂದು ನೋಡಿರಲಿಲ್ಲ. ಅವನ ಕೈಗಳು ನೀರಿನಿಂದ ಒಂದು ಗೇಣು ದೂರದಲ್ಲೇ ಇದ್ದವು. ಅದನ್ನು ಅವಳು ನೋಡುತ್ತಿದ್ದಳು.

ಪೆಡಲಿನಿಂದ ಕಾಲು ತೆಗೆದ. ಗುರ್ ಸದ್ದು ನಿಂತಿತು. ತೋರುಬೆರಳು ತನ್ನಷ್ಟಕ್ಕೆ ತಾನೇ ಎಂಬಂತೆ ನೊರೆಯೊಳಗೆ ಇಳಿದು ಬೀಗದ ಬಾಯನ್ನು ಸವರಿತು. ಚಳಕ್.

ಓರಗಿತ್ತಿ ಅವನ ಮಣಿಕಟ್ಟು ಹಿಡಿದಳು.

"ಹತ್ತನೇ ಬೆರಳು ಎಲ್ಲಿ ಹೋಗ್ತಾ ಇತ್ತು ಅಂತ ಈಗ ಗೊತ್ತಾಯ್ತು."

"ಮುಟ್ಟದೆ ಹೇಗೆ ಗೊತ್ತಾಗುತ್ತೆ ಹೇಳು" ಎಂದ ಅವನು. ಧ್ವನಿ ಬಹಳ ಸಣ್ಣದಾಗಿತ್ತು. "ಒಳಗೆ ಮರಳಿದ್ರೆ?"

"ಮುಟ್ಬೇಡಿ ಅಂತ ಯಾರಂದ್ರು? ನೊರೆಯೊಳಗೇ ಯಾಕೆ ಮುಟ್ತೀರಿ? ತಟ್ಟೆ ತೊಳೆದು, ಒಳ್ಳೆ ನೀರಲ್ಲಿ ಗಲಬರಿಸಿ, ಆಮೇಲಲ್ವಾ ಜಿಡ್ಡು ಹೋಯ್ತಾ ಅಂತ ನಾವು ಸವರಿ ನೋಡೋದು?"

"ಡಿಪೋದಲ್ಲಿ..."

"ಡಿಪೋದಲ್ಲಿ ಸೀಮೆಎಣ್ಣೆ ಇತ್ತು. ಅದನ್ನ ಗಲಬರಿಸೋಕೆ ಆಗ್ತಿರ್ಲಿಲ್ಲ. ಇದು ಸೋಪು ಕಣ್ರೀ."

ಅವಳು ಬೀಗವನ್ನು ಎತ್ತಿ, ಹಿತ್ತಲಿನ ನಲ್ಲಿಯ ಕೆಳಗೆ ಹಿಡಿದು, ಬ್ಯಾಗಿನಿಂದ ಒಂದು ಬಟ್ಟೆ ಚೂರು ತೆಗೆದು ಒರೆಸಿ, ಅವನ ಮುಂದೆ ಚಾಚಿದಳು. "ಈಗ ಮುಟ್ಟಿ."

ಅವನು ಕಣ್ಣು ಮುಚ್ಚಿ ಮುಟ್ಟಿದ. ಬೆರಳು ಕೀಲಿಯ ಬಾಯ ಸುತ್ತ ಒಂದು ಸುತ್ತು ಹೋಗಿಬಂತು. ಮೂವತ್ತೆರಡು ವರ್ಷದಲ್ಲಿ ಯಾವ ಮೇಸ್ತ್ರಿಯೂ ಹೇಳಿಕೊಡದ್ದನ್ನು ಕೇಳಿಸಿಕೊಳ್ಳುತ್ತಿರುವ ಹಾಗೆ ಹುಬ್ಬು ಮೇಲೇರಿತ್ತು.

"ಇನ್ನೂ ಚೆನ್ನಾಗಿ ಗೊತ್ತಾಗುತ್ತೆ ಕಣೇ" ಎಂದ. "ನೊರೆ ಅಡ್ಡ ಬರಲ್ಲ."

ಎರಡು ಹನಿ ಎಣ್ಣೆ ಬಿಟ್ಟು ಕೀಲಿ ತಿರುಗಿಸಿದ. ಟಕ್ ಎಂದು ತೆರೆದುಕೊಂಡಿತು. ಅಷ್ಟು ನಯವಾದ ಸದ್ದನ್ನು ನಾನು ಯಾವ ಬೀಗದಿಂದಲೂ ಕೇಳಿರಲಿಲ್ಲ. ಅವನ ಮುಖ ಅರಳಿತು. ಆಮೇಲೆ ಕೈಯಲ್ಲಿರುವುದು ಯಾವ ಬೀಗ ಎಂಬುದು ನೆನಪಾಯಿತು. ಎದ್ದು ನಿಂತು, ಕೀಲಿಯ ಸಮೇತ ಅಂಗೈ ಮೇಲಿಟ್ಟು ಅವಳಿಗೆ ಕೊಟ್ಟ.

"ತಗೋ. ಇನ್ನು ಇಪ್ಪತ್ತು ವರ್ಷ ತೊಂದರೆ ಕೊಡಲ್ಲ."

ಅವಳು ಬೀಗವನ್ನು ನೋಡಿದಳು, ಅವನನ್ನು ನೋಡಿದಳು, ತೆಗೆದುಕೊಂಡು ಒಳಗೆ ಹೋದಳು. ಅವನು ಶೆಡ್ಡಿನ ದೀಪ ಆರಿಸಿ, ಬಾಗಿಲು ಎಳೆದು, ಚಿಲಕ ಹಾಕಿ, ಬೀಗಕ್ಕೆ ಅನುಕೂಲವಾಗಲಿ ಎಂದು ಚಿಲಕವನ್ನು ನೆಟ್ಟಗೆ ಕೂರಿಸಿ ಬಂದ.

ಬೆಳಿಗ್ಗೆ ಎದ್ದು ನೋಡಿದರೆ ಶೆಡ್ಡಿನ ಚಿಲಕ ಹಾಗೇ ಇತ್ತು, ಬೀಗ ಇರಲಿಲ್ಲ. ಬೋಲ್ಟಪ್ಪ ಅದನ್ನು ಮುಟ್ಟಲೂ ಅಂಜಿ ಹಿತ್ತಲಲ್ಲೇ ಅತ್ತಿಂದಿತ್ತ ಓಡಾಡುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಓರಗಿತ್ತಿಯ ಕೂಗು ಬಂತು, ಗಲಬರಿಸುವ ನೀರಿಗೆ ಒಂದು ಬಕೆಟ್ಟು ಬಚ್ಚಲಲ್ಲಿದೆ, ತೊಟ್ಟಿಯ ಪಕ್ಕ ಇಟ್ಟುಕೊಳ್ಳಬೇಕಂತೆ. ಬಕೆಟ್ಟು ತರಲು ಅವನು ಒಳಗೆ ಬಂದ. ಅಡುಗೆಮನೆಯನ್ನು ದಾಟುವಾಗ ತಟಕ್ಕನೆ ನಿಂತ.

ಬೀಗ ಪಾತ್ರೆಯ ಕಪಾಟಿಗೆ ಬಿದ್ದಿತ್ತು. ಕೀಲಿ ಅವಳ ಕೊರಳಿನ ಅಳತೆ ಟೇಪಿನ ತುದಿಯಲ್ಲಿ ನೇತಾಡುತ್ತಿತ್ತು.

"ಹೊಸ ಜರಡಿ, ಹೊಸ ಬಸಿಯೋ ತಟ್ಟೆ, ಸೋಪು, ಎಲ್ಲಾ ಒಳಗಿದೆ" ಎಂದಳು ಚಹಾ ಲೋಟಕ್ಕೆ ಬಗ್ಗಿಸುತ್ತಾ. "ಹಲ್ಲುಜ್ಜೋ ಬ್ರಷ್ಷೂ."

ಬೋಲ್ಟಪ್ಪ ಬಗ್ಗಿ ಕಪಾಟಿನ ಬಾಗಿಲನ್ನು ನೋಡಿದ, ಅದರ ಕೀಲು ನೋಡಿದ. ಕೀಲಿನ ಒಂದು ತಿರುಪು ಸಡಿಲವಾಗಿತ್ತು. ಅವನ ಕೈ ಸ್ಕ್ರೂಡ್ರೈವರ್ ಇದ್ದ ಜೇಬಿಗೆ ಹೋಯಿತು. ನಾನೂ ಓರಗಿತ್ತಿಯೂ ಒಟ್ಟಿಗೇ ಕೆಮ್ಮಿದೆವು. ಕೈ ಹೊರಗೆ ಬಂತು, ಬರಿದಾಗಿ.